ಹಸಿರು ಶಾಲು, ಎರೆ ನೆಲ ಮತ್ತು ರಘುಬೀರ್ ಸಿಂಗ್

ಛಾಯಾಗ್ರಾಹಕ ರಘುಬೀರ್ ಸಿಂಗ್ ಹೆಸರು ಬಂದರೆ ಸಾಕು, ಎಲ್ಲರೂ ಅವರ ಚಿತ್ರಗಳ ಬಣ್ಣವನ್ನು ಹೊಗಳುತ್ತಾರೆ. ಬರೀ ಬಣ್ಣ ಬೇಕಿದ್ದರೆ ನಮ್ಮ ಮುದಗಲ್ಲಿನ ಮೊಹರಂಗೆ ಹೋದರಾಯಿತು. ಅಲಾಯಿ ದೇವರ ಮೆರವಣಿಗೆಯಲ್ಲಿ ಯಾರು ಕ್ಯಾಮೆರಾ ಎತ್ತಿದರೂ ಸಿಗುತ್ತದೆ. ಸಿಂಗ್ ಅವರ ಹೆಚ್ಚುಗಾರಿಕೆ ಇರುವುದು ಬಣ್ಣವನ್ನು ದುಡಿಸಿಕೊಂಡದ್ದರಲ್ಲಿ.

1967ರಲ್ಲಿ ಬಿಹಾರದ ಮುಂಗೇರ್‌ನಲ್ಲಿ ತೆಗೆದ ಮಳೆಯ ಚಿತ್ರವನ್ನೇ ನೋಡಿ. ತೊಯ್ದ ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ. ಬಿಸಿಲಿಲ್ಲ, ಹೊಳಪಿಲ್ಲ. ಕಪ್ಪುಬಿಳುಪಿನಲ್ಲಾಗಿದ್ದರೆ ಅವರೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತಿದ್ದರೇನೋ. ಇಲ್ಲಿ ಮಂಕಾದ ಸೀರೆಯ ಬಣ್ಣಗಳೇ ಒಬ್ಬೊಬ್ಬರ ಚಳಿಯನ್ನೂ ಬೇರೆ ಬೇರೆಯಾಗಿ ತೋರಿಸುತ್ತವೆ.

1942ರಲ್ಲಿ ಜೈಪುರದಲ್ಲಿ ಹುಟ್ಟಿದ ಸಿಂಗ್, ತಮ್ಮೂರಿಗೆ ಬಂದಿದ್ದ ಫ್ರೆಂಚ್ ಛಾಯಾಗ್ರಾಹಕ ಕಾರ್ತಿಯೆ-ಬ್ರೆಸಾನ್ ಕೆಲಸ ಮಾಡುವುದನ್ನು 1966ರಲ್ಲಿ ಹತ್ತಿರದಿಂದ ಕಂಡವರು. ಆ ಹಿರಿಯರಿಗೆ ಬಣ್ಣವೆಂದರೆ ಅಷ್ಟಕ್ಕಷ್ಟೆ. ಶಿಷ್ಯ ಅವರ ಚುರುಕು ಕಣ್ಣನ್ನು ತಗೊಂಡರು, ಅಸಡ್ಡೆಯನ್ನು ಬಿಟ್ಟರು. ಅವರ 'ಗಂಗಾ' ಪುಸ್ತಕ ಬಂದದ್ದು 1974ರಲ್ಲಿ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅಮೆರಿಕದ ಛಾಯಾಗ್ರಾಹಕ ಎಗ್ಲ್‌ಸ್ಟನ್ ಅವರ ಬಣ್ಣದ ಚಿತ್ರಗಳು ಗದ್ದಲ ಎಬ್ಬಿಸಿದ್ದು ಅದಾದ ಎರಡು ವರ್ಷಕ್ಕೆ, 1976ರಲ್ಲಿ. ಸಿಂಗ್ ಬಳಸುತ್ತಿದ್ದ ಕೊಡಾಕ್ರೋಮ್ ನಿಧಾನದ, ಅಂದರೆ ಹೆಚ್ಚು ಬೆಳಕು ಬೇಡುವ ಬಣ್ಣದ ಫಿಲ್ಮು, ಅದನ್ನು ತೊಳೆಯಲು ವಿದೇಶಕ್ಕೇ ಕಳಿಸಬೇಕಿತ್ತು. ತೆಗೆದದ್ದು ಏನಾಯಿತೆಂದು ಆಗಲೇ ನೋಡುವಂತಿರಲಿಲ್ಲ. ಹೀಗಿದ್ದೂ ಸಂತೆಯ ನೂಕುನುಗ್ಗಲಿನಲ್ಲಿ ಮೂಲೆಮೂಲೆಯನ್ನೂ ತುಂಬಿಸಿ ಚಿತ್ರ ಕಟ್ಟುವ ಧೈರ್ಯ ಅವರದು. ಅಂಬಾಸಿಡರ್ ಕಾರಿನ ಕಿಟಕಿ, ಕನ್ನಡಿಗಳಲ್ಲಿ ದೇಶವನ್ನು ಹಿಡಿದ ಪುಸ್ತಕ ಅವರು ತೀರಿಕೊಂಡ ಮೇಲೆ, 2002ರಲ್ಲಿ ಬಂತು. ಅದು ಜನಪ್ರಿಯವೇನೋ ಹೌದು, ಆದರೆ ಕೆಲವು ಕಡೆ ಕಾರಿನ ಚಮತ್ಕಾರವೇ ಚಿತ್ರಕ್ಕಿಂತ ಮುಂದೆ ಓಡುತ್ತದೆ.

ಅವರಿಂದ ನಾನು ಕಲಿತದ್ದು ನಮ್ಮ ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನಲ್ಲೇ ಕೆಲಸಕ್ಕೆ ಬಂತು. 2020-21ರಲ್ಲಿ ಹೊಲಗಳಿಗೆ ನೀರು ತರುವ 5ಎ ಕಾಲುವೆಗಾಗಿ ಇಲ್ಲಿ ರೈತರು ಧರಣಿ ಕೂತರು. ಫೋಟೊ ತೆಗೆಯುವವರೆಲ್ಲ ಭಾಷಣಕಾರರ ಎತ್ತಿದ ಕೈಗೆ ಕಾಯುತ್ತಿದ್ದರು. ನಾನು ಬಣ್ಣ ಎಲ್ಲಿದೆ, ಎಲ್ಲಿಲ್ಲ ಎಂದು ನೋಡತೊಡಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು ಸೀಮೆಯಲ್ಲಿ ಹಸಿರು ಗದ್ದೆಯಲ್ಲಿರುತ್ತದೆ. ಇಲ್ಲಿ ಅದು ರೈತರ ಹೆಗಲ ಮೇಲಿನ ಶಾಲಿನಲ್ಲಷ್ಟೇ ಇತ್ತು. ಶಾಲುಗಳ ಆಚೆಗೆ ಒಣಗಿದ ಹೊಲವೂ ಚೌಕಟ್ಟಿನೊಳಗೆ ಬರುವಂತೆ ನಿಂತೆ. ಆ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿದರೆ ಹೋರಾಟದ ಕಾರಣವೇ ಅಳಿಸಿಹೋಗುತ್ತದೆ.

ಒಂದು ಮಾತಿನಲ್ಲಿ ಮಾತ್ರ ನನಗೂ ಅವರಿಗೂ ಕೂಡಿಬರುವುದಿಲ್ಲ. ಭಾರತೀಯರ ಕಣ್ಣಿಗೆ ಬಣ್ಣವೇ ಸಹಜ, ಕಪ್ಪುಬಿಳುಪು ಪಶ್ಚಿಮದವರ ಒಳಗುದಿಗೆ ಸೇರಿದ್ದು ಎಂಬುದು ಅವರ ವಾದ. ಹಾಗಾದರೆ ಸಂಡೂರಿನ ಛಾಯಾಗ್ರಾಹಕ ಎಂ.ವೈ. ಘೋರ್ಪಡೆಯವರು ಕಪ್ಪುಬಿಳುಪಿನಲ್ಲೇ ತೆಗೆದ ಕಾಡುಪ್ರಾಣಿಗಳು ಯಾವ ದೇಶದವು? ಎರೆ ನೆಲದವರಾದ ನಮಗೆ ಕಪ್ಪೂ ಒಂದು ಬಣ್ಣವೇ. ಮಳೆ ಬಿದ್ದಾಗ ಒಂದು, ಬಿರುಕು ಬಿಟ್ಟಾಗ ಇನ್ನೊಂದು. ಆದ್ದರಿಂದ ಧರಣಿಯ ಚಿತ್ರಗಳನ್ನು ಪ್ರಿಂಟ್ ಹಾಕಿಸುವಾಗ ಶಾಲಿನ ಹಸಿರನ್ನು ಇದ್ದಷ್ಟಕ್ಕೇ ಬಿಟ್ಟೆ, ಪೆಂಡಾಲಿನ ನೆರಳನ್ನೂ ತಿಳಿಗೊಳಿಸಲಿಲ್ಲ.