ಬಾಸೆಲ್ ಮಿಷನ್ನಿನ ಕನ್ನಡ ಕಾರ್ಯ: ಹೊರನಾಡಿನ ನೆರವು ಮತ್ತು ರಾಜಕಾರಣದ ನೆಲೆಗಳು

ಬಾಸೆಲ್ ಮಿಷನ್ನಿನ ಕನ್ನಡ ಕಾರ್ಯವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಎರಡು ಜಾಡುಗಳಲ್ಲಿ ಸಾಗಿ ಬಂದಿದೆ. ಮೊಗ್ಲಿಂಗ್, ವೈಗ್ಲೆ, ಕಿಟೆಲ್ ಮೊದಲಾದವರ ನುಡಿಸೇವೆಯನ್ನು ಕೃತಜ್ಞತೆಯಿಂದ ಸ್ಮರಿಸುವುದು ಒಂದು. ಆ ಸೇವೆಯ ಹಿಂದೆ ಮತಾಂತರದ ಉದ್ದೇಶವನ್ನೂ ವಸಾಹತುಶಾಹಿಯ ಆಸರೆಯನ್ನೂ ಕಾಣುವುದು ಇನ್ನೊಂದು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ನಿಲುವುಗಳು ಒಂದು ಗ್ರಹಿಕೆಯಲ್ಲಿ ಮಾತ್ರ ಕೂಡುತ್ತವೆ. ಹೊರನಾಡಿನಿಂದ ಬಂದ ಹಣವನ್ನು ಎರಡೂ ಒಂದೇ ಥೈಲಿಯದೆಂದು ಭಾವಿಸುತ್ತವೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (1974) ಸಾಹಿತ್ಯದ ಬೆಳವಣಿಗೆಯನ್ನು ಕುರಿತ ಗ್ರಂಥ. ಜೈಪ್ರಕಾಶ್ ರಾಘವಯ್ಯನವರು ಇಂಗ್ಲಿಷಿನಲ್ಲಿ ಬರೆದ ಅಧ್ಯಯನ (1990) ಮಿಷನ್ನಿನ ಉದ್ಯಮಗಳನ್ನು ಕುರಿತದ್ದು. ಗ್ರಂಥಾಲಯಗಳ ಬೇರೆ ಬೇರೆ ಕಪಾಟುಗಳಲ್ಲಿರುವ ಇಂತಹ ಕೃತಿಗಳನ್ನು ಒಟ್ಟಿಗಿಟ್ಟು ಓದಿದಾಗ ಆ ಥೈಲಿ ಒಂದೇ ಆಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಸ್ವರೂಪವೇ ಮಿಶ್ರವಾದದ್ದು. ಆಡಳಿತ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ 'ರಿಫಾರ್ಮ್ಡ್' ಪಂಥದ ವರ್ತಕ ಕುಟುಂಬಗಳ ಕೈಯಲ್ಲಿತ್ತು. ಮಿಷನರಿಗಳೂ ಸಣ್ಣ ದಾನಿಗಳೂ ಹೆಚ್ಚಾಗಿ ಜರ್ಮನಿಯ ವ್ಯೂರ್ಟೆಂಬರ್ಗಿನ ಲೂಥರನ್ ಭಕ್ತಿಪಂಥದವರು. ರಾಜ್ಯಾಧಿಕಾರವೂ ದೈವನಿಯಮಿತವೇ, ಅದಕ್ಕೆ ವಿಧೇಯನಾಗಿರುವುದು ವಿಶ್ವಾಸಿಯ ಧರ್ಮ ಎಂಬ ಲೂಥರನ ಬೋಧನೆಯನ್ನು ಅವರು ಜೊತೆಗೆ ತಂದರು. ಬ್ರಿಟಿಷೇತರ ಮಿಷನರಿಗಳಿಗೆ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆ. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. 1840ರಲ್ಲಿ ಬಲ್ಮಠದ ನಿವೇಶನವನ್ನು ಕೊಟ್ಟವನು ಜಿಲ್ಲೆಯ ಕಲೆಕ್ಟರ್ ಬ್ಲೇರ್. ವಿಧೇಯತೆಯ ಸಿದ್ಧಾಂತಕ್ಕೂ ಆಳುವವರ ಔದಾರ್ಯಕ್ಕೂ ಆಗ ಯಾವ ತಿಕ್ಕಾಟವೂ ಇರಲಿಲ್ಲ.

ಹಣದ ಮೂಲಗಳನ್ನು ಬಿಡಿಸಿ ನೋಡುವುದು ಇಲ್ಲಿ ಅಗತ್ಯ. ಮೊದಲನೆಯದು ಭಕ್ತರ ಚಿಲ್ಲರೆ ಕಾಸು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆರಂಭವಾದ ಸಂಗ್ರಹ ಯೋಜನೆಯೊಂದರಲ್ಲಿ ಪ್ರತಿಯೊಬ್ಬ ಸದಸ್ಯನೂ ವಾರಕ್ಕೆ ಅರ್ಧ 'ಬಾಟ್ಸೆನ್' ನಾಣ್ಯವನ್ನು ಕೊಡಬೇಕಿತ್ತು. ರೈತರು, ಕುಶಲಕರ್ಮಿಗಳು, ಹೆಂಗಸರು ಕೊಟ್ಟ ಈ ಹಣ ಆತ್ಮೋದ್ಧಾರದ ವರದಿಗಳನ್ನು ನಿರೀಕ್ಷಿಸುತ್ತಿತ್ತು. ಮಿಷನ್ನಿನ ಜರ್ಮನ್ ಪತ್ರಿಕೆ ಅದನ್ನೇ ಒದಗಿಸುತ್ತಿತ್ತು. ಬಸವಪುರಾಣದ ಮುದ್ರಣಕ್ಕೆ ಇಂತಹ ದಾನಿಗಳ ಒಪ್ಪಿಗೆ ದೊರೆಯುವುದು ಸುಲಭವಿರಲಿಲ್ಲ. 1848ರಿಂದ 1853ರವರೆಗೆ ಮೊಗ್ಲಿಂಗ್ ಹೊರತಂದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಕಲ್ಲಚ್ಚಿನಲ್ಲಿ ಬೆಳಕು ಕಂಡದ್ದು ನೀಲಗಿರಿಯಲ್ಲಿ ನೆಲೆಸಿದ್ದ ಕಂಪನಿಯ ನಿವೃತ್ತ ನ್ಯಾಯಾಧೀಶ ಕಾಸಮೇಜರ್‌ನ ನೆರವಿನಿಂದ. ಕನ್ನಡ ಕಾವ್ಯ ಪ್ರಕಟಣೆಯ ಆದಿಯಲ್ಲಿ ನಿಂತಿರುವುದು ಸಭೆಯ ಕಾಣಿಕೆಯ ಪೆಟ್ಟಿಗೆಯಲ್ಲ, ಒಬ್ಬ ಅಧಿಕಾರಿಯ ಸಾಹಿತ್ಯಾಭಿರುಚಿ. ಈ ವ್ಯತ್ಯಾಸವನ್ನು ಗಮನಿಸದೆ ಮಾಲೆಯನ್ನು 'ಮತಪ್ರಚಾರದ ಸಾಧನ' ಎಂದು ಕರೆಯುವುದು ಅವಸರದ ತೀರ್ಮಾನ. ಮೂರನೆಯ ಮೂಲ ಉದ್ಯಮದ್ದು. ಜಾತಿಯೊಡನೆ ಕಸುಬನ್ನೂ ಕಳೆದುಕೊಂಡ ಹೊಸ ಕ್ರೈಸ್ತರಿಗಾಗಿ ತೆರೆದ ನೇಯ್ಗೆಯ ಶಾಲೆಗಳೂ 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯೂ ಕ್ರಮೇಣ ಲಾಭದ ಉದ್ಯಮಗಳಾದವು. ದುಡಿಮೆ, ಮನೆ, ಆರಾಧನೆ ಮೂರೂ ಒಬ್ಬನೇ ಧಣಿಯ ಅಂಗಳದಲ್ಲಿ ಸೇರಿದ್ದುದರಿಂದ ಸಭೆಗಳಿಗೆ ಸ್ವಾವಲಂಬನೆಯ ಅಭ್ಯಾಸ ಬೆಳೆಯಲಿಲ್ಲ. ಮಿಷನ್ನಿನ ಮೇಲೆ ಹೊರಿಸಬಹುದಾದ ಆರೋಪಗಳಲ್ಲಿ ಹೆಚ್ಚು ಗಂಭೀರವಾದದ್ದು ಇದೇ. ನಮ್ಮ ಸಾಹಿತ್ಯ ವಿಮರ್ಶೆ ಅತಿ ಕಡಿಮೆ ಚರ್ಚಿಸಿರುವುದೂ ಇದನ್ನೇ.

1914ರ ಯುದ್ಧ ಈ ಏರ್ಪಾಡನ್ನು ಕೆಡವಿತು. ಸಂಸ್ಥೆಯ ನೆಲೆ ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಬ್ರಿಟಿಷ್ ಸರ್ಕಾರ ಅದನ್ನು ಜರ್ಮನ್ ಸಂಸ್ಥೆಯೆಂದೇ ಬಗೆಯಿತು. ಜರ್ಮನ್ ಮಿಷನರಿಗಳು ಅಹಮದನಗರದ ಶಿಬಿರದಂತಹ ಕಡೆಗಳಲ್ಲಿ ಬಂಧಿತರಾದರು. ಹಲವರನ್ನು 'ಗೋಲ್ಕೊಂಡಾ' ಹಡಗಿನಲ್ಲಿ ಸ್ವದೇಶಕ್ಕೆ ಕಳುಹಿಸಲಾಯಿತು. ಕಾರ್ಖಾನೆಗಳು 1919ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅದೇ ವರ್ಷದ ವರ್ಸಾಯ್ ಒಪ್ಪಂದದ 438ನೆಯ ವಿಧಿ ಮಿಷನ್ನುಗಳ ಆಸ್ತಿ ಮಿಷನ್ ಕಾರ್ಯಕ್ಕೇ ಸಲ್ಲಬೇಕೆಂದು ಹೇಳಿತು. ಆದರೆ ಯಾರ ಮಿಷನ್ ಎಂಬುದನ್ನು ನಿರ್ಧರಿಸುವ ಅಧಿಕಾರ ಗೆದ್ದವರದಾಗಿತ್ತು. ಯಾವ ಪ್ರಭುತ್ವಕ್ಕೆ ವಿಧೇಯರಾಗಿರಬೇಕೆಂದು ಮಿಷನರಿಗಳು ಎಂಬತ್ತು ವರ್ಷ ಬೋಧಿಸಿದ್ದರೋ ಅದೇ ಪ್ರಭುತ್ವ ಅವರನ್ನು ಶತ್ರುಗಳ ಪಟ್ಟಿಗೆ ಸೇರಿಸಿತು.

ಹೊರಗಿನ ನೆರವಿಗೆ ಅಡ್ಡಿ ಬಂದಾಗ ಕನ್ನಡ ಕಾರ್ಯವೂ ನಿಂತಿತೆ ಎಂಬ ಪ್ರಶ್ನೆಗೆ ಉತ್ತಂಗಿ ಚನ್ನಪ್ಪನವರ (1881–1962) ಬದುಕು ಉತ್ತರವಾಗಿದೆ. ಬಾಸೆಲ್ ಮಿಷನ್ನಿನ ಸಭೆಯಲ್ಲೇ ಪಾದ್ರಿಯಾಗಿದ್ದ ಅವರ ಸರ್ವಜ್ಞ ವಚನಗಳ ಸಂಗ್ರಹ 1924ರಲ್ಲಿ ಪ್ರಕಟವಾಯಿತು. ನಿಘಂಟಿನಂತಹ ಬೃಹತ್ ಯೋಜನೆಗೆ ಮುದ್ರಣಾಲಯ, ವೇತನ, ದಶಕಗಳ ನಿಶ್ಚಿಂತೆ ಬೇಕು. ಜನರ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಸಲು ಬೇಕಾದದ್ದು ಊರೂರಿನ ಸಲುಗೆ. ಕಾರ್ಯದ ಗಾತ್ರ ಕುಗ್ಗಿತು, ನೆಲದ ನಂಟು ಹೆಚ್ಚಿತು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಈ ಪಾದ್ರಿಗೆ ಸಂದದ್ದು ಸ್ವತಂತ್ರ ಭಾರತದ ಕನ್ನಡ ಸಮಾಜ ನೀಡಿದ ತೀರ್ಪೂ ಹೌದು. ಅದಕ್ಕೆ ಎರಡು ವರ್ಷ ಮೊದಲೇ, 1947ರಲ್ಲಿ, ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋಗಿದ್ದವು. ತಮಿಳು ಮತ್ತು ಆಂಧ್ರದ ಲೂಥರನ್ ಸಭೆಗಳು ತಮ್ಮ ಪಂಥದ ಹೆಸರನ್ನು ಬಿಡದೆ ಹೊರಗುಳಿದವು. ಬಾಸೆಲ್ಲಿನ ಮಿಶ್ರ ಪರಂಪರೆ ಕನ್ನಡ ಸಭೆಗಳಿಗೆ ಈ ವಿಲೀನವನ್ನು ಹಗುರಗೊಳಿಸಿತೆಂದು ಊಹಿಸಬಹುದು.

ಕಿಟೆಲ್‌ರ ನಿಘಂಟಿನ (1894) ಮುಂದಿನ ಕಥೆಯೂ ಈ ಚರ್ಚೆಗೆ ಸೇರಿದ್ದೇ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅದರ ಆವೃತ್ತಿ 1968ರಿಂದ 1971ರ ಅವಧಿಯಲ್ಲಿ ಮದ್ರಾಸು ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ಮಿಷನ್ ಮಾಡಿದ ಕೆಲಸವನ್ನು ವಿಶ್ವವಿದ್ಯಾಲಯ ಮುಂದುವರಿಸಿದಾಗ ಹಣದ ಮೂಲ ಬದಲಾಯಿತು, ಪದಗಳು ಉಳಿದವು. 1976ರ ವಿದೇಶಿ ವಂತಿಗೆ ಕಾಯಿದೆ, ಅದರ ಸ್ಥಾನಕ್ಕೆ ಬಂದ 2010ರ ಕಾಯಿದೆ ಮತ್ತು 2020ರ ತಿದ್ದುಪಡಿಗಳ ತರುವಾಯ ಹೊರನಾಡಿನ ಹಣ ಮತ್ತೆ ರಾಜಕೀಯ ವಾಗ್ವಾದದ ವಸ್ತುವಾಗಿದೆ. ಆ ವಾಗ್ವಾದದ ಪದಗಳನ್ನು ಹಾಗೆಯೇ ಎತ್ತಿಕೊಂಡು 1848ರ ಕಲ್ಲಚ್ಚಿನ ಪುಟಗಳ ಮೇಲಿಡುವ ಸಂಶೋಧಕನು ಮೊದಲು ಕಾಸಮೇಜರ್‌ನ ಲೆಕ್ಕವನ್ನೂ ಅರ್ಧ ಬಾಟ್ಸೆನ್ನಿನ ಲೆಕ್ಕವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕಾಗುತ್ತದೆ.