ಹಿತ್ತಲಿಗೊಂದು ಕುರ್ಚಿ

ನಮ್ಮ ಸಂಶಿಯಂಥ ಎರೆಸೀಮೆಯ ಊರಿನಲ್ಲಿ ಮನೆಯ ಹೊರಗೆ ಕೂಡುವ ಜಾಗವೆಂದರೆ ಕಟ್ಟೆ. ಅದು ಗಂಡಸರದು. ಮಳೆ-ಬೆಳೆ, ಹತ್ತಿ-ಮೆಣಸಿನಕಾಯಿಯ ಧಾರಣೆ, ಚುನಾವಣೆ ಎಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತವೆ. ಹೆಂಗಸರು ಕೂಡುವುದು ಹಿತ್ತಲ ಮೆಟ್ಟಿಲ ಮೇಲೆ, ಇಲ್ಲವೆ ಒಗೆಯುವ ಕಲ್ಲಿನ ಮೇಲೆ. ಅದೂ ಕೈಯಲ್ಲಿ ಸೊಪ್ಪೋ ಕಾಳೋ ಇದ್ದಾಗ. ಬರಿಗೈಯಲ್ಲಿ ಕೂತರೆ, "ಯಾಕ ಹಂಗ ಕುಂತೀ? ಮೈಯಾಗ ಆರಾಮಿಲ್ಲೇನು?" ಎಂಬ ಮಾತು ಬಂದೇ ಬರುತ್ತದೆ. ಆದ್ದರಿಂದ ಪೇಟೆಯ ಕೈತೋಟಗಳಲ್ಲಿ ಕಾಣುವ, ಬಗ್ಗಿಸಿದ ಕಟ್ಟಿಗೆಯ ಕುರ್ಚಿಗಳನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇದರಲ್ಲಿ ಮನೆಯೊಡತಿ ಕೂಡುತ್ತಾಳೆಯೆ?

ಕಟ್ಟಿಗೆಯ ಬಾಗು ನಮಗೆ ಹೊಸದಲ್ಲ. ನಮ್ಮ ಬಡಿಗೇರರು ನೇಗಿಲಿಗೆಂದು ಹೊಲದ ಬದುವಿನಲ್ಲಿ ಹುಟ್ಟಾ ಬಾಗಿದ ಜಾಲಿಯನ್ನೇ ಹುಡುಕುತ್ತಿದ್ದರು. ಬಾಗು ಬೇಕಾದದ್ದು ದುಡಿಮೆಗೆ, ಚೆಂದಕ್ಕಲ್ಲ. ನೇರ ಮರವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿ, ಅಚ್ಚಿನಲ್ಲಿ ಬಿಗಿದು ಒಣಗಿಸುವ ವಿದ್ಯೆಯನ್ನು ದೊಡ್ಡ ಉದ್ಯಮ ಮಾಡಿದವನು ಮೈಕೆಲ್ ಥೋನೆಟ್. ೧೮೫೯ರಲ್ಲಿ ಬಂದ ಅವನ ೧೪ನೆಯ ನಂಬರಿನ ಕುರ್ಚಿಗೆ ಆರೇ ಆರು ತುಂಡು, ಹತ್ತು ತಿರುಪುಮೊಳೆ, ಎರಡು ನಟ್ಟು. ಮುಂಬಯಿಯ ಇರಾಣಿ ಹೋಟೆಲುಗಳಲ್ಲಿ ಚಹಾ ಕುಡಿದವರೆಲ್ಲ ಆ ವಂಶದ ಕುರ್ಚಿಗಳಲ್ಲಿ ಕೂತವರೇ. ಅದರಲ್ಲಿ ಒಂದು ಬಾಗೂ ವ್ಯರ್ಥವಿಲ್ಲ. ಬೆನ್ನಿನ ಬಾಗೇ ಇಳಿದು ಹಿಂಗಾಲಾಗುತ್ತದೆ.

ನಮ್ಮ ನಾಡಿನಲ್ಲಿ ಈ ಜಾತಿಯ ಒಳ್ಳೆಯ ಕೆಲಸವೆಂದರೆ ಮಲೆ ಮಹದೇಶ್ವರ ಬೆಟ್ಟದ್ದು. ಅಮೆರಿಕ ಖಂಡದಿಂದ ಅಲಂಕಾರದ ಗಿಡವಾಗಿ ಬಂದ ಲಂಟಾನ ಅಲ್ಲಿನ ಕಾಡನ್ನೆಲ್ಲ ಆವರಿಸಿ, ಹುಲ್ಲು ಮೊಳೆಯಲು ಬಿಡದೆ ಕೂತಿದೆ. ದನ ತಿಂದರೆ ವಿಷ. ಬೆಂಗಳೂರಿನ ಏಟ್ರೀ ಸಂಸ್ಥೆ ಆ ಭಾಗದ ಸೋಲಿಗರಿಗೆ ಇದೇ ಕಳೆಯಿಂದ ಪೀಠೋಪಕರಣ ಮಾಡುವುದನ್ನು ಕಲಿಸಿತು. ಕೋಲುಗಳನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿ ಆರುವ ಮೊದಲೇ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ಮರ ಕಡಿಯದೆ ಕುರ್ಚಿ, ಕಾಡಿಗೆ ಕಳೆಯಿಂದ ಅಷ್ಟಿಷ್ಟು ಬಿಡುವು, ಕೈಗೆ ಕೂಲಿ. ಇದಕ್ಕಿಂತ ನ್ಯಾಯವಾದ ಕುರ್ಚಿಯನ್ನು ನಾನು ಕಂಡಿಲ್ಲ.

ನ್ಯಾಯದ್ದೆಲ್ಲ ಕೂಡಲು ಹಿತವಾಗಿರಬೇಕೆಂದಿಲ್ಲ. ಇಂಥ ಕುರ್ಚಿಗಳಲ್ಲಿ ಹಲವು ನೆಲಕ್ಕೆ ತೀರ ಹತ್ತಿರ. ಮೊಣಕಾಲು ನೋವಿನವರು ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಬೆನ್ನಿಗೆ ಬಳ್ಳಿಯಂತೆ ಸುರುಳಿ ಸುತ್ತಿದ ಕೋಲುಗಳು ಕಣ್ಣಿಗೆ ಹಬ್ಬ, ಬೆನ್ನಿಗೆ ಶಿಕ್ಷೆ. ಸೀರೆಯ ಸೆರಗನ್ನಂತೂ ಬಿಡುವುದೇ ಇಲ್ಲ. ಮಾಡಿದವರ ದೋಷ ಇದಲ್ಲ, ಕೊಳ್ಳುವವರದು. ನಾವು ನೋಡಿ ಕೊಳ್ಳುತ್ತೇವೆ, ಕೂತು ಕೊಳ್ಳುವುದಿಲ್ಲ. ಇನ್ನು ಉದ್ಯಾನಗಳಲ್ಲಿ ಮರದ ದಿಮ್ಮಿಯಂತೆ ಬಣ್ಣ ಬಳಿದ ಸಿಮೆಂಟಿನ ಆಸನಗಳಿವೆಯಲ್ಲ, ಅವು ಬೇಸಿಗೆಯಲ್ಲಿ ಹೆಂಚು, ಚಳಿಯಲ್ಲಿ ಮಂಜುಗಡ್ಡೆ. ಮರವನ್ನು ಅಣಕಿಸುವ ಅವುಗಳಿಗಿಂತ ನಮ್ಮ ಒಗೆಯುವ ಕಲ್ಲೇ ಮೇಲು. ಅದು ತಾನು ಕಲ್ಲೆಂದು ಒಪ್ಪಿಕೊಂಡಿದೆ.

ಕೊಳ್ಳುವವರಿಗೆ ನನ್ನ ಸಲಹೆ ಸರಳ. ಅಂಗಡಿಯಲ್ಲಿ ಐದು ನಿಮಿಷ ನಾಚಿಕೆ ಬಿಟ್ಟು ಕೂತುಕೊಳ್ಳಿ. ಕೈಯೂರದೆ ಏಳಲು ಬಂದರೆ ಮಾತ್ರ ಬೆಲೆ ಕೇಳಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಕುರ್ಚಿಯ ಕಾಲ ಕೆಳಗೆ ಚಪ್ಪಡಿ ಹಾಕಿ. ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಒರೆಸಿ, ಮಳೆಗಾಲಕ್ಕೆ ಪಡಸಾಲೆಗೆ ತನ್ನಿ.

ತಂದ ಮೇಲೆ ಅದರ ಮೇಲೆ ಒಣಗಿದ ಬಟ್ಟೆ ರಾಶಿ ಹಾಕುವುದು, ಹೂಕುಂಡ ಇಡುವುದು, ಬಂದ ಬೀಗರಿಗೆಂದು ಎತ್ತಿಡುವುದು, ಇಷ್ಟು ಮಾತ್ರ ಬೇಡ. ಸಂಜೆಯ ಅರ್ಧ ತಾಸು ಅದು ನಿಮ್ಮದು. ಯಾರಾದರೂ "ಯಾಕ ಕುಂತೀ?" ಎಂದು ಕೇಳಿದರೆ, "ಕುಂದರಾಕ" ಎನ್ನಿ.