ಆಟದ ಕಥೆಯಲ್ಲಿ ಪಾತ್ರಸ್ವಾತಂತ್ರ್ಯ

ವಿಡಿಯೋ ಗೇಮ್ ಎಂಬುದು ಇಂದು ಕೈಚಳಕದ ವಿನೋದವಾಗಿಯೇ ಉಳಿದಿಲ್ಲ. ಕಥೆ, ಪಾತ್ರ, ಸಂಭಾಷಣೆಗಳುಳ್ಳ ಕಲಾಪ್ರಕಾರವಾಗಿ ಬೆಳೆದಿದೆ. ಆದಕಾರಣ ಕಾವ್ಯನಾಟಕಗಳನ್ನು ಕುರಿತು ಏಳುವ ಪ್ರಶ್ನೆಗಳು ಇಲ್ಲಿಯೂ ಏಳುವುದು ಸಹಜ. ಅವುಗಳಲ್ಲೊಂದು ಇದು: ಸಲಿಂಗಾನುರಾಗಿಯಾದ ಪಾತ್ರವನ್ನು ತಂದ ಮಾತ್ರಕ್ಕೆ ಕಥೆಯೊಳಗೆ ರಾಜಕೀಯವನ್ನು ತುರುಕಿದಂತಾಯಿತೇ?

ಕೆನಡಾ ದೇಶದ ಬಯೋವೇರ್ ಸಂಸ್ಥೆಯವರ ‘ಡ್ರ್ಯಾಗನ್ ಏಜ್’ ಮಾಲೆಯು ಈ ವಿವಾದಕ್ಕೆ ತಕ್ಕ ನಿದರ್ಶನ. 2011ರಲ್ಲಿ ಹೊರಬಂದ ಎರಡನೆಯ ಆಟದಲ್ಲಿ ಆಂಡರ್ಸ್ ಎಂಬ ಮಾಂತ್ರಿಕನು, ಕಥಾನಾಯಕನು ಗಂಡಸಾಗಿದ್ದರೂ, ಅವನಲ್ಲಿ ಅನುರಾಗವನ್ನು ಸೂಚಿಸುತ್ತಾನೆ. ಕೆಲವರಿಗೆ ಇದು ಸಹ್ಯವಾಗಲಿಲ್ಲ. ಆಟವು ಎಲ್ಲ ಆಟಗಾರರಿಗೂ ಸೇರಿದ್ದೆಂದು ಪ್ರಧಾನ ಲೇಖಕ ಡೇವಿಡ್ ಗೈಡರ್ ಅವರು ಬಹಿರಂಗವಾಗಿ ಉತ್ತರವಿತ್ತರು. ಇದೇ ಆಂಡರ್ಸನು ಮಾಂತ್ರಿಕರ ಬಿಡುಗಡೆಗಾಗಿ ನಗರದ ದೇವಮಂದಿರವನ್ನೇ ಸಿಡಿಸುತ್ತಾನೆ. ಧರ್ಮಾಧಿಕಾರ, ಬಂಧನ, ದಂಗೆ—ಇವೇ ಕಥೆಯ ಮೂಲದ್ರವ್ಯ. ಇಂತಹ ಕಥೆಯಲ್ಲಿ ಒಲವೊಂದನ್ನೇ ರಾಜಕೀಯವೆಂದು ದೂರುವುದು ನ್ಯಾಯವಲ್ಲ.

ಆದರೆ ಇದನ್ನು ಸಮರ್ಥಿಸುವವರೂ ಒಂದು ಸಂಗತಿಯನ್ನು ಗಮನಿಸಬೇಕು. ನಾಯಕಪಾತ್ರವು ಗಂಡಾಗಲಿ ಹೆಣ್ಣಾಗಲಿ, ಆಂಡರ್ಸ್, ಫೆನ್ರಿಸ್, ಮೆರಿಲ್, ಇಸಬೆಲಾ ನಾಲ್ವರೂ ಒಲಿಯಬಲ್ಲರು. ಇದು ಔದಾರ್ಯವೇ ಸರಿ. ಆದರೂ ಒಲವು ಪಾತ್ರದ ಸ್ವಭಾವದಿಂದ ಹುಟ್ಟದೆ, ಆಟಗಾರನ ಇಚ್ಛೆಯಿಂದ ಹುಟ್ಟಿದಂತೆ ತೋರುತ್ತದೆ.

2014ರ ‘ಇನ್‌ಕ್ವಿಸಿಷನ್’ ಈ ಕೊರತೆಯನ್ನು ನೀಗಿಸಿತು. ಅದರಲ್ಲಿ ಗೈಡರ್ ರಚಿಸಿದ ಡೋರಿಯನ್ ಪುರುಷರನ್ನು ಮಾತ್ರ ಪ್ರೀತಿಸುವವನು. ನಾಯಕಿಯು ಒಲಿದು ಬಂದರೂ ಒಲ್ಲೆನೆನ್ನುತ್ತಾನೆ. ರಕ್ತಮಂತ್ರವು ಹೇಯವೆಂದು ಮಗನಿಗೆ ಕಲಿಸಿದ ತಂದೆಯೇ, ಮಗನ ಸ್ವಭಾವವನ್ನು ಮಾರ್ಪಡಿಸಲು ಆ ಮಂತ್ರಕ್ಕೆ ಕೈಹಾಕಿದ್ದನು. ರೆಡ್‌ಕ್ಲಿಫ್ ಊರಿನ ಪಾನಗೃಹದಲ್ಲಿ ಅವರಿಬ್ಬರೂ ಸಂಧಿಸಿದಾಗ, ತಂದೆಯ ಮಾತನ್ನು ಕೇಳೆಂದು ಆಟಗಾರನು ಹೇಳಬಹುದು, ಹೊರಟುಬಿಡೋಣವೆಂದೂ ಹೇಳಬಹುದು. ಆದರೆ ಡೋರಿಯನ್ನನ ಸ್ವಭಾವವನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ತಂದೆಯು ಬಲಾತ್ಕಾರದಿಂದ ಪಡೆಯಲೆಳಸಿದ ಅಧಿಕಾರವನ್ನೇ ಆಟವು ಆಟಗಾರನಿಗೆ ನಿರಾಕರಿಸಿದೆ. ಕಥೆಯ ನೀತಿಯೂ ಆಟದ ನಿಯಮವೂ ಇಲ್ಲಿ ಒಂದಾಗಿವೆ. ಔಚಿತ್ಯವೆಂದರೆ ಇದೇ.

ಇಂತಹ ಪಾತ್ರಗಳಿಗೆ ಮನೆಯವರ ತಿರಸ್ಕಾರದ ದುಃಖವೊಂದೇ ಗತಿಯೇ ಎಂಬ ಆಕ್ಷೇಪವೂ ಉಂಟು, ಅದು ತಳ್ಳಿಹಾಕತಕ್ಕದ್ದಲ್ಲ. ಇದೇ ಸಂಸ್ಥೆಯ ‘ಮಾಸ್ ಎಫೆಕ್ಟ್ 3’ (2012) ಎಂಬ ಆಟದಲ್ಲಿ ನೌಕಾಚಾಲಕ ಸ್ಟೀವ್ ಕಾರ್ಟೆಜ್ ತನ್ನ ಮೃತ ಪತಿಗಾಗಿ ಕಣ್ಣೀರಿಡುತ್ತಾನೆ. ಅಲ್ಲಿ ಅವನ ಒಲವು ಯಾರಿಗೂ ಸಮಸ್ಯೆಯಲ್ಲ; ಅಗಲಿಕೆಯೇ ಶೋಕ. ಡೋರಿಯನ್ನನ ಕಥೆಯ ತೀಕ್ಷ್ಣತೆ ಇದಕ್ಕಿಲ್ಲ. ಡೋರಿಯನ್ನನಿಗೆ ದೊರೆಯದ ಸಹಜತೆ ಇದಕ್ಕಿದೆ.

ಪಾತ್ರವು ಯಾವ ಪಕ್ಷಕ್ಕೆ ಅನುಕೂಲವೆಂಬುದು ವಿಮರ್ಶೆಯ ಮೊದಲ ಪ್ರಶ್ನೆಯಾಗಬಾರದು. ಆಟಗಾರನ ಬಯಕೆಯನ್ನು ಮೀರಿ ತನ್ನದೇ ಆದ ಬಾಳು ಅದಕ್ಕುಂಟೇ ಎಂಬುದನ್ನು ಮೊದಲು ಕೇಳಬೇಕು.